ಬುತ್ತಿಗೆ ಬಂದ ದಾರಿದ್ರ್ಯ

ದಾರಿ ನಡೆಯುವವನು ಕಟ್ಟಿಕೊಂಡು ಹೋಗುವ ಆಹಾರಕ್ಕೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ಸಂಬಲವೆಂಬುದು ಇನ್ನೊಂದು ಹೆಸರು. ಈ ಎರಡನೆಯ ಶಬ್ದವೇ ಕನ್ನಡದಲ್ಲಿ ಸಂಬಳವಾಯಿತು. ಬುತ್ತಿಯೆಂಬ ಅರ್ಥ ಹಿಂದೆ ಸರಿದು, ತಿಂಗಳ ಕೊನೆಗೆ ಕೈಗೆ ಬರುವ ಹಣವೆಂಬ ಅರ್ಥ ಮುಂದೆ ನಿಂತಿತು. ಶಬ್ದಗಳ ಬಾಳಿನಲ್ಲಿ ಇಂತಹ ಪಲ್ಲಟಗಳು ಸಹಜವಾದವು. ಆದರೆ ಹೊಸ ಅರ್ಥದ ಸಂಬಳವನ್ನು ದುಡಿಯುವುದಕ್ಕೆಂದು ಬೆಳಗ್ಗೆ ಎಂಟು ಗಂಟೆಗೆ ಮನೆ ಬಿಡುವ ವಿದ್ಯಾವಂತನ ಚೀಲದಲ್ಲಿ ಹಳೆಯ ಅರ್ಥದ ಸಂಬಳವು ಯಾವ ಸ್ಥಿತಿಯಲ್ಲಿದೆಯೆಂದು ನೋಡಿದರೆ ಮರುಕ ಹುಟ್ಟುತ್ತದೆ.

ಸೋಮವಾರ ಚಿತ್ರಾನ್ನ, ಮಂಗಳವಾರ ಉಪ್ಪಿಟ್ಟು, ಬುಧವಾರ ಮತ್ತೆ ಚಿತ್ರಾನ್ನ, ಗುರುವಾರ ಬ್ರೆಡ್ಡಿನ ಎರಡು ಹೋಳುಗಳ ನಡುವೆ ಸವರಿದ ಕೆಂಪು ಜಾಮು, ಶುಕ್ರವಾರ ಪೊಟ್ಟಣದ ನೂಡಲ್ಸು. ಪಟ್ಟಣದ ಓದಿದ ಮನೆಗಳಲ್ಲಿ ಮಕ್ಕಳ ಡಬ್ಬಿಯ ವಾರವು ಬಹುಮಟ್ಟಿಗೆ ಹೀಗೆಯೇ ಕಳೆಯುತ್ತದೆ. ಯಜಮಾನನ ಕ್ಯಾರಿಯರಿನ ಕಥೆಯೂ ಇದಕ್ಕಿಂತ ಹೆಚ್ಚು ಭಿನ್ನವಲ್ಲ. ಸಂಜೆಗೆ ಡಬ್ಬಿಯು ಅರ್ಧ ತುಂಬಿಯೇ ಮನೆಗೆ ಮರಳುತ್ತದೆ. ತಾಯಿ ಗದರಿಸುತ್ತಾಳೆ, ಮಗು ಮುಖ ಸಿಂಡರಿಸುತ್ತದೆ, ತಂದೆಯು "ನಾಳೆಯಿಂದ ಕ್ಯಾಂಟೀನಿನಲ್ಲಿಯೇ ತಿಂದುಕೊಳ್ಳಲಿ" ಎಂದು ತೀರ್ಪು ಕೊಟ್ಟು ವೃತ್ತಪತ್ರಿಕೆಯನ್ನು ಬಿಡಿಸುತ್ತಾನೆ. ಹೀಗೇಕಾಯಿತೆಂದು ಕೇಳಿದರೆ ಎಲ್ಲ ಮನೆಗಳಿಂದಲೂ ಬರುವ ಉತ್ತರ ಒಂದೇ: ಕಾಲವಿಲ್ಲ.

ಈ ಉತ್ತರವನ್ನು ಹಾಗೆಯೇ ಒಪ್ಪತಕ್ಕದ್ದಲ್ಲ. ಹಿಂದೆ ಬುತ್ತಿ ಕಟ್ಟಿದವರಿಗೆ ಕಾಲವಿತ್ತೆ? ಒಕ್ಕಲ ಮನೆಯ ಹೆಂಗಸು ಕೋಳಿ ಕೂಗುವ ಮೊದಲೇ ಎದ್ದು, ರಾಗಿ ಬೀಸಿ, ನೀರು ಹೊತ್ತು, ದನಕರುಗಳನ್ನು ನೋಡಿ, ಅನಂತರ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಗ್ಯಾಸಿನ ಒಲೆ, ಮಿಕ್ಸಿ, ಫ್ರಿಜ್ಜು, ಕೊಳಾಯಿಯ ನೀರು ಇವೆಲ್ಲ ಇರುವ ಮನೆಯು ಕಾಲವಿಲ್ಲವೆಂದು ಹೇಳುವುದು ಧೈರ್ಯದ ಮಾತೇ ಸರಿ. ಆ ಮನೆಯೊಳಗೆ ಒಬ್ಬಳಿಗೆ ಮಾತ್ರ ಕಾಲವಿಲ್ಲವೆಂದರೆ ಅದು ನಿಜ. ಆ ವಿಷಯಕ್ಕೆ ಮುಂದೆ ಬರಬೇಕಾಗುತ್ತದೆ. ಡಬ್ಬಿಗೆ ದಾರಿದ್ರ್ಯ ಬಂದುದಕ್ಕೆ ಮೂಲಕಾರಣ ಬೇರೆ. ಬುತ್ತಿಯು ತನ್ನದೇ ಆದ ನಿಯಮಗಳುಳ್ಳ ಒಂದು ಪ್ರತ್ಯೇಕವಾದ ಅಡಿಗೆಯೆಂಬುದನ್ನು ಓದಿದ ಮನೆಗಳು ಮರೆತಿವೆ. ಬೆಳಗಿನ ತಿಂಡಿಯಲ್ಲಿ ಒಂದು ಸೌಟನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರೆ ಬುತ್ತಿಯಾಯಿತೆಂದು ಭಾವಿಸುತ್ತವೆ.

ಎಂಟು ಗಂಟೆಗೆ ಒಲೆಯ ಬಳಿ ತಿನ್ನುವ ಪದಾರ್ಥವೂ ಒಂದು ಗಂಟೆಗೆ ಮರದ ಬೆಂಚಿನ ಮೇಲೆ ತಿನ್ನುವ ಪದಾರ್ಥವೂ ಒಂದೇ ಆಗಲಾರವು. ಬಿಸಿಯಾಗಿದ್ದಾಗ ಹೂವಿನಂತಿದ್ದ ಉಪ್ಪಿಟ್ಟು ಆರಿದ ಮೇಲೆ ಡಬ್ಬಿಯ ಆಕಾರದ ಇಟ್ಟಿಗೆಯಾಗುತ್ತದೆ. ಗರಿಯಾದ ದೋಸೆ ತೊಗಲಾಗುತ್ತದೆ. ಪೂರಿ ಮೆತ್ತಗಾಗಿ ಎಣ್ಣೆ ಕಾರುತ್ತದೆ. ಹಸಿ ತೆಂಗಿನಕಾಯಿಯ ಚಟ್ನಿಯು ಚೈತ್ರ ವೈಶಾಖಗಳ ಸೆಕೆಯಲ್ಲಿ ಮಧ್ಯಾಹ್ನವನ್ನು ಕಾಣುವುದಿಲ್ಲ. ಕೋಸಂಬರಿಗೆ ಮನೆಯಲ್ಲಿಯೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಪಕ್ಕದ ಚಪಾತಿಯನ್ನು ನೆನೆಸುತ್ತದೆ. ಇವು ಯಾರಿಗೆ ತಿಳಿಯದ ಸಂಗತಿಗಳು? ತಿಳಿದಿದ್ದರೂ ದಿನವೂ ಅದನ್ನೇ ಮಾಡಿ, ಮಗು ತಿನ್ನಲಿಲ್ಲವೆಂದು ದೂರುವುದು ಯಾವ ನ್ಯಾಯ? ತಂದೆತಾಯಿಗಳು ಒಂದು ದಿನ ಆ ಡಬ್ಬಿಯನ್ನು ಮನೆಯಲ್ಲಿಯೇ ಮಧ್ಯಾಹ್ನದವರೆಗೆ ಮುಚ್ಚಿಟ್ಟು, ಆಮೇಲೆ ತೆರೆದು, ಬೇರೇನನ್ನೂ ನಂಜಿಕೊಳ್ಳದೆ ತಾವೇ ತಿಂದು ನೋಡಲಿ.

ಅನ್ನದ ವಿಷಯದಲ್ಲಿ ರುಚಿಯನ್ನು ಮೀರಿದ ಕಾರಣವೂ ಉಂಟು. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಅಕ್ಕಿಯಲ್ಲಿ ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನವು ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ಉಗುರುಬೆಚ್ಚಗೆ ಗಂಟೆಗಟ್ಟಲೆ ಮುಚ್ಚಿಕೊಂಡಿದ್ದರೆ ಅವು ಮೊಳೆತು ಬೆಳೆದು ವಿಷವನ್ನು ಬಿಡುತ್ತವೆ. ವಾಂತಿಯನ್ನುಂಟುಮಾಡುವ ಆ ವಿಷವು ಮತ್ತೆ ಕಾಯಿಸಿದರೂ ಕೆಡುವುದಿಲ್ಲ. ಬಿಸಿ ಅನ್ನವನ್ನು ಡಬ್ಬಿಗೆ ಒತ್ತಿ ತುಂಬಿ ಕೂಡಲೇ ಮುಚ್ಚುವ ಪದ್ಧತಿಯು ಈ ಜೀವಿಗೆ ತೊಟ್ಟಿಲು ಕಟ್ಟಿದಂತೆ. ಹಬೆಯು ಮುಚ್ಚಳಕ್ಕೆ ತಗಲಿ ನೀರಾಗಿ ಕೆಳಗೆ ತೊಟ್ಟಿಕ್ಕುವುದು ಬೇರೆ. ಪುಳಿಯೋಗರೆ ಮಾಡುವವರು ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಎಣ್ಣೆ ಚಿಮುಕಿಸಿ, ಬೇಗ ಆರಿಸಿ, ಆಮೇಲೆ ಹುಣಿಸೆಯ ಗೊಜ್ಜನ್ನು ಕಲಸುತ್ತಿದ್ದುದು ಅನ್ನ ಉದುರುದುರಾಗಿರಲೆಂದು ಮಾತ್ರವಲ್ಲ, ಕೆಡದಿರಲೆಂದು ಕೂಡ. ಬೇಗ ಆರಿದ ಅನ್ನದಲ್ಲಿ, ಹುಳಿ ಕೂಡಿದ ಅನ್ನದಲ್ಲಿ, ಆ ಜೀವಿಗೆ ಅನುಕೂಲ ಕಡಿಮೆ. ಜೀವಾಣುವಿನ ಹೆಸರನ್ನು ಅರಿಯದ ಅಜ್ಜಿಯ ಕೈ ಅದರ ಸ್ವಭಾವವನ್ನು ಅರಿತಿತ್ತು. ಮೊಮ್ಮಗಳು ಹೆಸರನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ, ಬಿಸಿ ಅನ್ನದ ಮೇಲೆ ಮುಚ್ಚಳವನ್ನು ಒತ್ತುತ್ತಾಳೆ.

ಕನ್ನಡ ನಾಡಿನ ಒಂದೊಂದು ಸೀಮೆಯೂ ಬುತ್ತಿಯ ವಿದ್ಯೆಯನ್ನು ತನ್ನ ನೆಲಕ್ಕೂ ಹವೆಗೂ ತಕ್ಕಂತೆ ಬೆಳೆಸಿಕೊಂಡಿತ್ತು. ಬಯಲುಸೀಮೆಯ ಜೋಳದ ಕಡಕ್ ರೊಟ್ಟಿಯನ್ನೇ ನೋಡಬಹುದು. ತೆಳ್ಳಗೆ ಬಡಿದು, ಬೇಯಿಸಿ, ತೇವವೆಲ್ಲ ಹೋಗುವಂತೆ ಒಣಗಿಸಿದ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ರಾಶಿಗಳು ಬಂದು ದಿನಗಟ್ಟಲೆ ಬಡಿಸಲ್ಪಡುವುದು ಈ ಗುಣದಿಂದಲೇ. ರೊಟ್ಟಿಯ ಜತೆಗೆ ಶೇಂಗಾ, ಗುರೆಳ್ಳು, ಅಗಸೆ ಇವುಗಳ ಹಿಂಡಿ. ಮೂರೂ ಎಣ್ಣೆಬೀಜಗಳು; ಮೂರಕ್ಕೂ ರುಚಿ ಬೇರೆಬೇರೆ; ಒಮ್ಮೆ ಹುರಿದು ಕುಟ್ಟಿ ಡಬ್ಬದಲ್ಲಿ ತುಂಬಿದರೆ ಹಲವು ವಾರಗಳಿಗೆ ಚಿಂತೆಯಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂಧುಬಳಗದೊಡನೆ ಕುಳಿತು ಉಣ್ಣುವ ಒಕ್ಕಲಿಗನ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ, ಎಣ್ಣೆಗಾಯಿ, ಹಲವು ಕಾಳು ಸೊಪ್ಪುಗಳನ್ನು ಕೂಡಿಸಿದ ಪಲ್ಯ, ಇವೆಲ್ಲ ಇರುತ್ತವೆ. ತಣ್ಣಗೆ ತಿನ್ನುವ ಊಟವು ಬಡ ಊಟವಾಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಕರಾವಳಿಯವರ ಜಾಣತನ ಎಲೆಯಲ್ಲಿದೆ. ನಾಲ್ಕು ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಮಾಡಿ, ಇಲ್ಲವೆ ಕೇದಗೆಯ ಜಾತಿಯ ಓಲೆಯನ್ನು ಸುತ್ತಿ ಮೂಡೆ ಮಾಡಿ, ಹಿಟ್ಟನ್ನು ಅದರೊಳಗೇ ಬೇಯಿಸಿದರೆ ಪಾತ್ರೆಯೂ ಅದೇ, ಹೊದಿಕೆಯೂ ಅದೇ. ಬೆಂಕಿಯ ಮೇಲೆ ಹಿಡಿದು ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದ ಅನ್ನಕ್ಕೆ ಎಲೆಯ ಕಂಪು ಹತ್ತುತ್ತದೆ. ಕೊಡಗಿನವರು ಅಕ್ಕಿಹಿಟ್ಟಿಗೆ ಬೆಂದ ಅನ್ನವನ್ನು ನಾದಿ ರೊಟ್ಟಿ ತಟ್ಟುವುದರಿಂದ ಅದು ಆರಿದ ಮೇಲೂ ಮೃದುವಾಗಿರುತ್ತದೆ. ಹಳೆಯ ಮೈಸೂರಿನ ಸೀಮೆಯಲ್ಲಿ ಮೊಸರನ್ನಕ್ಕೇ ಬುತ್ತಿಯೆಂಬ ಹೆಸರು ನಿಂತಿತು. ಚೆನ್ನಾಗಿ ಹಿಸುಕಿದ ಅನ್ನಕ್ಕೆ ಹಾಲನ್ನು ಧಾರಾಳವಾಗಿ ಬೆರಸಿ, ಮೊಸರನ್ನು ಹೆಪ್ಪಿನಷ್ಟೇ ಹಾಕಿದರೆ, ದಾರಿಯಲ್ಲಿಯೇ ಹದ ಬಂದು ಉಣ್ಣುವ ಹೊತ್ತಿಗೆ ಹುಳಿಯಾಗದ ಮೊಸರನ್ನವಾಗಿರುತ್ತದೆ. ತಿನ್ನುವ ವೇಳೆಯನ್ನು ಲೆಕ್ಕ ಹಾಕಿ ಅಡಿಗೆ ಮಾಡುವುದೆಂದರೆ ಇದು. ಈಗಿನವರು ಗಟ್ಟಿಮೊಸರಿನಲ್ಲಿಯೇ ಕಲಸಿ ಕಳುಹಿಸುತ್ತಾರೆ. ಹುಳಿಯಾಯಿತೆಂದು ಮಗು ಚೆಲ್ಲುತ್ತದೆ.

ಮಡಿವಂತರ ಮನೆಗಳಲ್ಲಿ ಇನ್ನೊಂದು ಕಟ್ಟಳೆಯಿತ್ತು. ಬೇಯಿಸಿದ ಅನ್ನ ಮುಸುರೆ. ಅದನ್ನು ಕಂಡಕಂಡಲ್ಲಿ ಕುಳಿತು ಉಣ್ಣುವಂತಿಲ್ಲ. ಹುರಿದುದಕ್ಕೂ ಕರಿದುದಕ್ಕೂ ಆ ದೋಷ ಕಡಿಮೆ. ಆದುದರಿಂದ ಪ್ರಯಾಣಕ್ಕೆ ಗೊಜ್ಜವಲಕ್ಕಿ, ಹುರಿಹಿಟ್ಟು, ಅರಳು, ಕೋಡುಬಳೆ ಮುಂತಾದುವು ಸಿದ್ಧವಾದುವು. ಕಟ್ಟಳೆಯು ಯಾವ ಭಾವನೆಯಿಂದಲೇ ಹುಟ್ಟಿರಲಿ, ಅದರಿಂದ ನೀರು ಕಡಮೆಯಾದ, ಹಗುರವಾದ, ಕೆಡದ ಬುತ್ತಿಯೊಂದು ಹುಟ್ಟಿತು. ಇಂದು ಕಟ್ಟಳೆ ಹೋಯಿತು, ಅದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಅದರ ಜತೆಗೆ ಗೊಜ್ಜವಲಕ್ಕಿ ಏಕೆ ಹೋಗಬೇಕಾಗಿತ್ತು?

ಇಷ್ಟರಿಂದ ಹಳೆಯ ಕಾಲವೆಲ್ಲ ಚಿನ್ನವೆಂದು ಯಾರೂ ಭಾವಿಸಬಾರದು. ಗಂಟು ಬಿಚ್ಚಿದೊಡನೆ ಉಣ್ಣುವವನ ಜಾತಿ ತಿಳಿಯುತ್ತಿದ್ದ ಕಾಲ ಅದು. ಒಂದೇ ಮರದ ನೆರಳಿನಲ್ಲಿ ಕುಳಿತವರು ಬೆನ್ನು ತಿರುಗಿಸಿ ಉಂಡ ಕಾಲ. ಕೂಲಿಯವನ ಬುತ್ತಿಯಲ್ಲಿ ಹಿಂದಿನ ರಾತ್ರಿಯ ತಂಗಳು ಮುದ್ದೆ, ಒಂದು ಈರುಳ್ಳಿ, ಉಪ್ಪು ಇವೇ ಇದ್ದರೆ ಅದು ಅವನ ಆಯ್ಕೆಯಾಗಿರಲಿಲ್ಲ. ಹಳೆಯದರಿಂದ ತೆಗೆದುಕೊಳ್ಳಬೇಕಾದುದು ಪದಾರ್ಥಜ್ಞಾನ, ಪಂಕ್ತಿಭೇದವಲ್ಲ. ಓದಿದ ಮನೆಗಳು ಇದಕ್ಕೆ ತದ್ವಿರುದ್ಧವಾಗಿ ನಡೆದಿವೆ. ಜ್ಞಾನವನ್ನು ಕಳೆದುಕೊಂಡು ಭೇದವನ್ನು ಬೇರೊಂದು ರೂಪದಲ್ಲಿ ಉಳಿಸಿಕೊಂಡಿವೆ.

ಆ ರೂಪಕ್ಕೆ ಈಗಿನ ಹೆಸರು ವಾಸನೆ. ಬೆಳ್ಳುಳ್ಳಿಯ ಚಟ್ನಿಪುಡಿ ವಾಸನೆ, ಗುರೆಳ್ಳು ಕಪ್ಪು, ರಾಗಿರೊಟ್ಟಿ ಕಪ್ಪು, ಮೊಟ್ಟೆ ವಾಸನೆ, ಒಣಮೀನಿನ ಚಟ್ನಿಯಂತೂ ಮಾತೇ ಬೇಡ. ಕೆಲವು ಖಾಸಗಿ ಶಾಲೆಗಳು ಯಾವ ದಿನ ಯಾವ ತಿಂಡಿ ತರಬೇಕು, ಏನನ್ನು ತರಕೂಡದು ಎಂದು ಪಟ್ಟಿ ಬರೆದು ಮನೆಗೆ ಕಳುಹಿಸುತ್ತವೆ. ಪಟ್ಟಿಯಿಲ್ಲದ ಕಡೆ ಆ ಕೆಲಸವನ್ನು ಮಕ್ಕಳೇ ಮಾಡುತ್ತಾರೆ. ಮೂಗು ಮುಚ್ಚಿಕೊಂಡರೆ ಸಾಕು. ಪಕ್ಕದವಳ ಮೂಗನ್ನು ನೋಡಿದ ಹುಡುಗಿ ಮರುದಿನ ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದು, ಅದರ ಮರೆಯಲ್ಲಿ ಕೈಯಾಡಿಸಿ, ಎರಡು ತುತ್ತು ನುಂಗಿ ಮುಚ್ಚುತ್ತಾಳೆ. ಮೂರನೆಯ ದಿನ ಮನೆಯಲ್ಲಿ "ಬ್ರೆಡ್ಡು ಕೊಡು" ಎಂದು ಹಟ ಹಿಡಿಯುತ್ತಾಳೆ. ತಾಯಿಗೆ ಕಾರಣ ತಿಳಿಯುವುದಿಲ್ಲ. ಅವಳು ಮಗಳ ನಾಲಿಗೆ ಕೆಟ್ಟಿತೆಂದು ಬಗೆಯುತ್ತಾಳೆ. ನಾಲಿಗೆ ಸರಿಯಾಗಿಯೇ ಇದೆ. ಮನೆಯಲ್ಲಿ ಅಜ್ಜಿ ತಟ್ಟಿದ ರೊಟ್ಟಿ ನಾಲ್ಕು ಜನರ ನಡುವೆ ತೆರೆಯಲಾಗದ ವಸ್ತುವೆಂದು ಎಂಟು ವರ್ಷದ ಮಗು ಕಲಿತುದು ಆ ಶಾಲೆಯಲ್ಲಿ ಆ ದಿನ ಕಲಿತ ಅತ್ಯಂತ ಗಟ್ಟಿಯಾದ ಪಾಠ.

ಇದರ ವಿಡಂಬನೆಯನ್ನೂ ನೋಡಬೇಕು. 2023ನೆಯ ಇಸವಿಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ರಾಗಿ ಜೋಳಗಳ ಮಹಿಮೆಯನ್ನು ಕುರಿತು ವೇದಿಕೆಗಳಲ್ಲಿ ಭಾಷಣಗಳಾದುವು, ಶಾಲೆಗಳಲ್ಲಿ ಭಿತ್ತಿಪತ್ರಗಳ ಸ್ಪರ್ಧೆಗಳಾದುವು. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಮಿನಷ್ಟು ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು ಅದರ ಹತ್ತರಲ್ಲಿ ಒಂದಂಶಕ್ಕಿಂತಲೂ ಕಡಿಮೆ. ಭಿತ್ತಿಪತ್ರದಲ್ಲಿ ಇದನ್ನು ಬಣ್ಣಬಣ್ಣದಲ್ಲಿ ಬರೆದ ಮಗುವಿಗೆ ಬಹುಮಾನ. ಡಬ್ಬಿಯಲ್ಲಿ ರಾಗಿರೊಟ್ಟಿ ತಂದ ಮಗುವಿಗೆ ಪಕ್ಕದವರ ಮೂಗು. ಮತ್ತೊಂದು ಕಡೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2019ರಿಂದ 21ರವರೆಗೆ ನಡೆಸಿದ ಎಣಿಕೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪವಾದವರು ರಕ್ತಹೀನರೆಂದು ಕಂಡುಬಂದಿತು. ರಕ್ತಹೀನತೆಗೆ ಕಾರಣಗಳು ಹಲವು. ಎಲ್ಲವನ್ನೂ ಡಬ್ಬಿಯ ತಲೆಗೆ ಕಟ್ಟಲಾಗದು. ಆದರೆ ಬೆಳೆಯುವ ಹುಡುಗಿಯ ದಿನದ ಮುಖ್ಯವಾದ ಊಟದಿಂದ ಕಾಳು, ಸೊಪ್ಪು, ಎಳ್ಳು, ಮೊಟ್ಟೆಗಳನ್ನು ನಾಚಿಕೆಯು ಹೊರದೂಡಿದರೆ ಅದು ಬರಿಯ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬುತ್ತಿಯೇ ಬೇಡವೆನ್ನುವವರಿಗೆ ಉತ್ತರ ಹೇಳುವುದು ಸುಲಭ. ಡಬ್ಬಿ ಹೊರುವುದು ಗುಮಾಸ್ತನ ಲಕ್ಷಣ, ದರ್ಜೆಯುಳ್ಳವನು ಹೊರಗೆ ಉಣ್ಣುತ್ತಾನೆ, ಇಲ್ಲವೆ ಮೊಬೈಲಿನಲ್ಲಿ ಹೇಳಿ ತರಿಸಿಕೊಳ್ಳುತ್ತಾನೆ ಎಂಬುದು ಅವರ ವಾದ. ಮುಂಬಯಿಯಲ್ಲಿ 1890ರ ಸುಮಾರಿನಿಂದ ಡಬ್ಬಾವಾಲರು ಮನೆಮನೆಯ ಊಟವನ್ನು ಕಛೇರಿಗಳಿಗೆ ಹೊತ್ತುದು ಆ ನಗರದಲ್ಲಿ ಹೋಟೆಲುಗಳಿಲ್ಲದೆಯೆ? ಮನೆಯ ಊಟಕ್ಕಾಗಿ ಕಾಸು ಕೊಟ್ಟು ಅದನ್ನು ದೂರದಿಂದ ತರಿಸಿಕೊಂಡವರಲ್ಲಿ ದರ್ಜೆಯುಳ್ಳವರು ಬೇಕಾದಷ್ಟು ಮಂದಿ ಇದ್ದರು. ಕನ್ನಡ ನಾಡಿನಲ್ಲಿಯೇ ಓದಲು ಊರು ಬಿಟ್ಟು ಬಂದ ಬಡ ಹುಡುಗರು ವಾರಾನ್ನದ ಮನೆಗಳ ಜಗುಲಿಯಲ್ಲಿ ಕರೆಗಾಗಿ ಕಾದ ದಿನಗಳನ್ನು ಹಿರಿಯರು ಮರೆತಿರಲಾರರು. ತನ್ನ ಗಂಟನ್ನು ತಾನು ಬಿಚ್ಚಿ ಉಣ್ಣುವುದರಲ್ಲಿ ಎಷ್ಟು ಮರ್ಯಾದೆಯಿದೆಯೆಂಬುದನ್ನು ಹಾಗೆ ಕಾದವರು ಬಲ್ಲರು.

ಪೊಟ್ಟಣದ ತಿಂಡಿಯ ಪಕ್ಷದವರ ಸ್ಥಿತಿ ಇನ್ನೂ ವಿಚಿತ್ರ. 2020ರ ಸೆಪ್ಟೆಂಬರಿನಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರವು ಪ್ರಕಟಿಸಿದ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿಂಡಿಗಳನ್ನು ಶಾಲೆಯ ಆವರಣದಲ್ಲಿಯಾಗಲಿ ಅದರ ಬಾಗಿಲಿನಿಂದ 50 ಮೀಟರಿನೊಳಗಾಗಲಿ ಮಕ್ಕಳಿಗೆ ಮಾರತಕ್ಕದ್ದಲ್ಲ. ಅಂಗಡಿಯವನನ್ನು 50 ಮೀಟರು ಆಚೆಗೆ ನೂಕಿದುದಾಯಿತು. ಅವನ ಸರಕು ತಾಯಿಯ ಕೈಯಿಂದಲೇ ಡಬ್ಬಿಯೊಳಗೆ ಕುಳಿತು, ಕಾವಲುಗಾರನ ಮುಂದೆಯೇ ಬಾಗಿಲನ್ನು ದಾಟಿ ತರಗತಿಗೆ ಬರುತ್ತಿದೆ! ಇನ್ನೊಂದು ಹೋಲಿಕೆ ಸ್ವಲ್ಪ ಕಹಿಯಾದುದು. ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಕೊಟ್ಟ ಆಜ್ಞೆಯ ಮೇಲೆ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕಡ್ಡಾಯವಾಯಿತು. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹವೆಂಬ ಹೆಸರಿನಿಂದ ನಡೆಯುತ್ತಿದೆ. ಶುಲ್ಕವಿಲ್ಲದ ಶಾಲೆಯ ಮಗು ಸಾಲಿನಲ್ಲಿ ಎಲ್ಲರೊಡನೆ ಕುಳಿತು ಬಿಸಿ ಅನ್ನ, ಬೇಳೆ ತರಕಾರಿಯ ಸಾರು ಉಣ್ಣುವ ಹೊತ್ತಿಗೆ, ಸಾವಿರಗಟ್ಟಲೆ ಶುಲ್ಕ ತೆತ್ತ ಮನೆಯ ಮಗು ತಣ್ಣಗಾದ ನೂಡಲ್ಸನ್ನು ಮುಳ್ಳುಚಮಚದಿಂದ ಕೆದಕುತ್ತಿರುತ್ತದೆ.

ಉಳಿದುದು ಒಂದೇ ಆಕ್ಷೇಪ, ಅದು ಗಂಭೀರವಾದುದು. ಬಗೆಬಗೆಯ ಬುತ್ತಿಯನ್ನು ಹೊಗಳುವ ಲೇಖನಗಳೆಲ್ಲ ಕೊನೆಗೆ ಹೆಂಗಸಿನ ನಿದ್ದೆಯಿಂದ ಇನ್ನೊಂದು ಗಂಟೆಯನ್ನು ಕದಿಯುತ್ತವೆಯೆಂದು ಆಕ್ಷೇಪಿಸುವವರು ಹೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಭಾರತ ಸರಕಾರವು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷಗಳನ್ನೂ, ತೊಡಗಿದ ಗಂಡಸರು 97 ನಿಮಿಷಗಳನ್ನೂ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಹೆಂಗಸರದು 289 ಆಯಿತು. ಗಂಡಸರದು 88ಕ್ಕೆ ಇಳಿಯಿತು. ಹೆಂಗಸಿಗೆ ದೊರೆತ ಹತ್ತು ನಿಮಿಷದ ಬಿಡುವು ಗಂಡಸಿನ ನೆರವಿನಿಂದ ಬಂದುದಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಅವನೂ ಒಂಬತ್ತು ನಿಮಿಷ ಹಿಂದೆ ಸರಿದಿದ್ದಾನೆ. ಕಾಲವಿಲ್ಲವೆಂಬ ಮಾತನ್ನು ಅಡಿಗೆಮನೆಯಲ್ಲಿ ನಿಂತವಳು ಹೇಳಿದರೆ ಒಪ್ಪಬೇಕು. ಪತ್ರಿಕೆಯನ್ನು ಬಿಡಿಸಿ ಕುಳಿತವನು ಹೇಳಿದರೆ ಕೇಳಿಸಿಕೊಳ್ಳಬೇಕಾಗಿಲ್ಲ.

ಆದರೆ ಈ ಆಕ್ಷೇಪವು ವೈವಿಧ್ಯವೆಂದರೆ ದಿನಕ್ಕೊಂದು ಹೊಸ ಅಡಿಗೆಯೆಂದು ತಿಳಿದಿದೆ. ತಪ್ಪಿರುವುದು ಇಲ್ಲಿ. ಮೇಲೆ ಹೇಳಿದ ಬುತ್ತಿಗಳಲ್ಲಿ ಯಾವುದೂ ಬೆಳಗ್ಗೆ ಏಳು ಗಂಟೆಯ ಗಡಿಬಿಡಿಯಲ್ಲಿ ಹುಟ್ಟಿದುದಲ್ಲ. ಬುತ್ತಿಯ ಅಡಿಗೆಯ ಬಹುಭಾಗ ಮುಗಿಯುವುದು ಬೇರೆ ದಿನ, ಬೇರೆ ಹೊತ್ತಿನಲ್ಲಿ. ಬೆಳಗ್ಗೆ ನಡೆಯಬೇಕಾದುದು ಕೂಡಿಸುವ ಕೆಲಸ ಮಾತ್ರ. ತಿಂಗಳಿಗೆ ಎರಡು ಸಲ ಭಾನುವಾರ ಒಂದು ಗಂಟೆ ಕುಳಿತರೆ ಹುಚ್ಚೆಳ್ಳಿನ ಪುಡಿ, ಶೇಂಗಾದ ಪುಡಿ, ಪುಳಿಯೋಗರೆಯ ಗೊಜ್ಜು ಮೂರೂ ಸಿದ್ಧವಾಗುತ್ತವೆ. ಹುರಿಯುವುದಕ್ಕೆ ಸಣ್ಣ ಉರಿ, ಬಿಡದೆ ತಿರುವುವ ಕೈ, ತಾಳ್ಮೆ ಇಷ್ಟೇ ಬೇಕು. ಈ ಮೂರರಲ್ಲಿ ಯಾವುದು ಗಂಡಸಿಗೆ ಅಸಾಧ್ಯ? ಕಡಲೆಕಾಯಿಯ ಸಿಪ್ಪೆಯನ್ನು ತಿಕ್ಕಿ ಕೇರುವ ಕೆಲಸ ಮಕ್ಕಳಿಗೆ ಆಟ. ರಾತ್ರಿ ಮಲಗುವ ಮೊದಲು ಒಂದು ಹಿಡಿ ಹೆಸರುಕಾಳನ್ನೋ ಕಡಲೆಯನ್ನೋ ನೆನೆಹಾಕುವುದಕ್ಕೆ ಯಾವ ಪಾಂಡಿತ್ಯವೂ ಬೇಡ. ಆದರೂ ಎಷ್ಟೋ ಮನೆಗಳಲ್ಲಿ ಅದನ್ನು ನೆನಪಿಡುವ ಭಾರವೂ ಒಬ್ಬಳದೇ.

ಹೀಗೆ ಮನೆಯಲ್ಲಿ ಸರಕು ಸಿದ್ಧವಿದ್ದರೆ ವಾರವು ತಾನಾಗಿ ಬಣ್ಣ ತಾಳುತ್ತದೆ. ಒಂದು ದಿನ ರಾಗಿರೊಟ್ಟಿಗೆ ತುಪ್ಪ ಸವರಿ ಹುಚ್ಚೆಳ್ಳಿನ ಪುಡಿಯನ್ನು ಉದುರಿಸಿ ಮಡಿಸಿದರೆ ಸಾಕು, ಬದಿಗೆ ಹೆಸರುಕಾಳಿನ ಗುಗ್ಗರಿ. ಮರುದಿನ ಚಪಾತಿ ಮತ್ತು ನೀರಿಲ್ಲದ ಪಲ್ಯ. ಬೆಂಡೆ, ತೊಂಡೆ, ಹುರುಳಿಕಾಯಿ ಇವು ಬುತ್ತಿಗೆ ಒಗ್ಗುವವು, ಸೋರೆ ಪಡುವಲಗಳು ಮನೆಯ ಊಟಕ್ಕೇ ಚೆಂದ. ಅವರೆಕಾಯಿಯ ಕಾಲದಲ್ಲಿ ಅಕ್ಕಿರೊಟ್ಟಿಗೆ ಅದನ್ನು ಸೇರಿಸದವರು ಅರಸಿಕರು. ಪುಳಿಯೋಗರೆಯ ದಿನ ಹುರಿದ ಕಡಲೆಕಾಯಿಯನ್ನು ಬೇರೆ ಕಟ್ಟಿ ಕೊಟ್ಟರೆ ಅದು ಗರಿಗರಿಯಾಗಿಯೇ ಉಳಿಯುತ್ತದೆ. ಬೇಸಗೆಯಲ್ಲಿ ಹಾಲು ಬೆರಸಿದ ಮೊಸರನ್ನ, ಅದಕ್ಕೆ ದಾಳಿಂಬೆಯ ಕಾಳು, ಬಾಳಕದ ಮೆಣಸಿನಕಾಯಿ. ಅವಸರದ ದಿನ ಗೊಜ್ಜವಲಕ್ಕಿ. ಕುಟ್ಟಿದ ಅವಲಕ್ಕಿ, ಹುಣಿಸೆಯ ರಸ, ಸಾರಿನ ಪುಡಿ, ಬೆಲ್ಲ, ಒಗ್ಗರಣೆ, ಇಷ್ಟಕ್ಕೆ ಹೆಚ್ಚು ಹೊತ್ತು ಬೇಡ, ಮಧ್ಯಾಹ್ನಕ್ಕೆ ಅದು ಇನ್ನೂ ಚೆನ್ನಾಗಿ ನೆನೆದಿರುತ್ತದೆ. ತಿನ್ನುವ ಮನೆಗಳಲ್ಲಿ ಬೇಯಿಸಿದ ಮೊಟ್ಟೆಯಿದೆ. ಸಿಪ್ಪೆ ತೆಗೆಯದೆ ಕಳುಹಿಸುವುದು ಮೇಲು, ದೇವರೇ ಕೊಟ್ಟ ಡಬ್ಬಿಯನ್ನು ಮನೆಯಲ್ಲಿಯೇ ಒಡೆಯುವುದೇಕೆ? ಸೌತೆ, ಮೂಲಂಗಿ, ಕ್ಯಾರೆಟ್ಟುಗಳ ಹೋಳಿನ ಜತೆಗೆ ಉಪ್ಪನ್ನು ಚಿಟಿಕೆಯಷ್ಟು ಪೊಟ್ಟಣ ಕಟ್ಟಿ ಕೊಡಬೇಕು. ಸೀಬೆ, ನೆಲ್ಲಿ, ಕಿತ್ತಳೆ ಆಯಾ ಕಾಲದಲ್ಲಿ ಬರುತ್ತವೆ. ಸೇಬೊಂದೇ ಹಣ್ಣೆಂದು ಯಾವ ವೈದ್ಯನೂ ಹೇಳಿಲ್ಲ. ನಾಲ್ಕು ಗಂಟೆಯ ಹಸಿವಿಗೆ ಹುರಿಗಡಲೆ, ಬೆಲ್ಲ. ಇದರಲ್ಲಿ ಎಲ್ಲಿಯೂ ನಾಲ್ಕು ಗಂಟೆಗೆ ಏಳುವ ಮಾತಿಲ್ಲ.

ಪಾತ್ರೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಿತ್ತಾಳೆಯ ಕಾಲದಲ್ಲಿ ಕಲಾಯಿ ಹೋದ ಪಾತ್ರೆಗೆ ಹುಳಿ ಹಾಕಿದರೆ ಕಿಲುಬು ಏಳುವುದೆಂದು ಎಲ್ಲರಿಗೂ ಭಯವಿತ್ತು. ಅಲ್ಯೂಮಿನಿಯಮ್ಮಿಗೂ ಹುಣಿಸೆ ನಿಂಬೆಗಳಿಗೂ ಕೂಡಿಬರುವುದಿಲ್ಲ. ಬಿಸಿಯಾದ, ಎಣ್ಣೆಯುಳ್ಳ ಪದಾರ್ಥವನ್ನು ಬಣ್ಣದ ಪ್ಲಾಸ್ಟಿಕ್ ಡಬ್ಬಿಗೆ ಸುರಿಯುವುದು ಅವಿವೇಕ. ತುಕ್ಕು ಹಿಡಿಯದ ಉಕ್ಕಿನ, ನಡುವೆ ಗೋಡೆಯಿರುವ ಡಬ್ಬಿಯೊಂದು ಸಾಕು. ಅದನ್ನು ಸಂಜೆ ತೊಳೆಯುವವರು ಅದರಲ್ಲಿ ಉಂಡವರೇ ಆಗಿರಬೇಕು. ಮಗುವಿಗೂ ಇದೇ ನಿಯಮ, ಯಜಮಾನನಿಗೂ ಇದೇ ನಿಯಮ. ತಾನು ತಿನ್ನದೆ ಉಳಿಸಿದುದನ್ನು ತನ್ನ ಕೈಯಿಂದಲೇ ಕೆರೆದು ತೆಗೆಯಬೇಕಾದಾಗ ನಾಳೆ ಏನು ಬೇಕು, ಎಷ್ಟು ಬೇಕು ಎಂಬ ಮಾತು ಮನೆಯಲ್ಲಿ ತಾನಾಗಿಯೇ ಹೊರಡುತ್ತದೆ.

ಮನೆಯು ತನ್ನ ಕರ್ತವ್ಯವನ್ನು ಮಾಡಿದರೂ ಡಬ್ಬಿಯನ್ನು ತೆರೆಯುವ ಸ್ಥಳವೊಂದು ಬೇಕಷ್ಟೆ. 1948ರ ಕಾರ್ಖಾನೆಗಳ ಶಾಸನವು 150ಕ್ಕೂ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಅವರು ತಾವು ತಂದ ಊಟವನ್ನು ಕುಳಿತು ಉಣ್ಣುವುದಕ್ಕೆ ಕುಡಿಯುವ ನೀರಿನ ಸೌಕರ್ಯದೊಡನೆ ಒಂದು ಕೋಣೆಯಿರಬೇಕೆಂದು ವಿಧಿಸಿತು. ಕೂಲಿಯ ಬುತ್ತಿಗೆ ಶಾಸನವು ಅಷ್ಟು ಹಿಂದೆಯೇ ತೋರಿದ ಈ ಗೌರವವನ್ನು ದೊಡ್ಡ ಕಟ್ಟಡಗಳುಳ್ಳ ಎಷ್ಟೋ ಶಾಲೆಗಳು ಇಂದಿಗೂ ಮಕ್ಕಳ ಬುತ್ತಿಗೆ ತೋರಿಲ್ಲ. ಮಕ್ಕಳು ಪಾಠದ ಬೆಂಚಿನ ಮೇಲೆಯೇ, ಪುಸ್ತಕಗಳನ್ನು ಪಕ್ಕಕ್ಕೆ ಸರಿಸಿ, ಗಂಟೆಯ ಕಡೆಗೆ ಕಿವಿಯಿಟ್ಟು ಗಬಗಬನೆ ತಿನ್ನುತ್ತಾರೆ. ಕೈ ತೊಳೆಯುವ ನಲ್ಲಿಯ ಮುಂದೆ ಸಾಲು ನಿಂತಿರುವಾಗಲೇ ಬಿಡುವು ಮುಗಿದಿರುತ್ತದೆ. ರೊಟ್ಟಿಯನ್ನು ಅಗಿಯುವುದಕ್ಕೆ ಹೊತ್ತು ಬೇಕು, ಬ್ರೆಡ್ಡನ್ನು ನುಂಗುವುದಕ್ಕೆ ಬೇಡ. ಮಕ್ಕಳು ಬ್ರೆಡ್ಡನ್ನೇ ಕೇಳುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಯಾವ ಶಾಲೆಯ ಆಡಳಿತವಾದರೂ ಯೋಚಿಸಿದೆಯೆ? ಪೋಷಕರ ಸಭೆಗಳಲ್ಲಿ ಅಂಕಗಳನ್ನು ಕುರಿತು ಎರಡು ಗಂಟೆಗಳ ಚರ್ಚೆ ನಡೆಯುತ್ತದೆ. ಮುಂದಿನ ಸಭೆಗೆ ಹೋಗುವ ತಂದೆತಾಯಿಗಳು ಊಟದ ಬಿಡುವು ಎಷ್ಟು ನಿಮಿಷ, ನಲ್ಲಿಗಳು ಎಷ್ಟು, ಉಪಾಧ್ಯಾಯರು ಮಕ್ಕಳೊಡನೆ ಕುಳಿತು ತಮ್ಮ ಡಬ್ಬಿಯನ್ನು ತೆರೆಯುತ್ತಾರೆಯೆ ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ. ವಾಸನೆಯ ಪಟ್ಟಿಯನ್ನು ಕಳುಹಿಸಿದ ಶಾಲೆಯಾದರೆ ಆ ಪಟ್ಟಿಯನ್ನೂ ಜತೆಗೆ ಒಯ್ದು ಹಿಂದಿರುಗಿಸಲಿ.